ಹಳೇ ಔಟ್‌ಬೋರ್ಡ್: ಬೆಳಗ್ಗೆ ಸೆಲ್ಫ್ ಹೊಡೆಯುತ್ತೆ, ಮಧ್ಯಾಹ್ನ ಬರೀ ‘ಟಕ್’

ಹೊನ್ನಾವರದಿಂದ ಪ್ರಶ್ನೆ:
ಶರಾವತಿ ಅಳಿವೆಯಲ್ಲಿ ಪ್ರವಾಸಿಗರಿಗೆ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ತೋರಿಸುವ ದೋಣಿ ನಮ್ಮದು. ದೋಣಿಯ ಹಿಂಬದಿಗೆ ಕೂರಿಸುವ ಔಟ್‌ಬೋರ್ಡ್, 40 ಎಚ್‌ಪಿ ಟೂ ಸ್ಟ್ರೋಕ್, ಹಳೇ ಇಂಜಿನ್. ರಾತ್ರಿ ಬ್ಯಾಟರಿ ಚಾರ್ಜಿಗೆ ಹಾಕಿದರೆ ಬೆಳಗ್ಗೆ ಸೆಲ್ಫ್ ಚೆನ್ನಾಗಿ ಹೊಡೆಯುತ್ತೆ. ಮಧ್ಯಾಹ್ನ ಬರೀ ‘ಟಕ್’ ಅನ್ನುತ್ತೆ. ಹಗ್ಗ ಎಳೆದರೆ ತಕ್ಷಣ ಶುರು. ಬ್ಯಾಟರಿ ಹೊಸದು. ರೆಕ್ಟಿಫೈಯರ್ (ಇಂಜಿನ್ ಕಾಯಿಲಿನ ಎಸಿ ಕರೆಂಟನ್ನು ಬ್ಯಾಟರಿಗೆ ಬೇಕಾದ ಡಿಸಿ ಮಾಡುವ ಭಾಗ) ಬದಲಿಸಿ ಅಂತಾರೆ. ಬದಲಿಸಲಾ?

ಮಲ್ಪೆಯಿಂದ:
ಈಗಲೇ ಬದಲಿಸಬೇಡಿ ಮಾರಾಯ್ರೆ, ಮೊದಲು ಅಳೆದು ನೋಡಿ. ಹಗ್ಗಕ್ಕೆ ಸಲೀಸಾಗಿ ಶುರುವಾಗುತ್ತೆ ಅಂದ್ರೆ ಪ್ಲಗ್, ಕಾರ್ಬುರೇಟರ್ ಮುಟ್ಟುವ ಅಗತ್ಯವೇ ಇಲ್ಲ. ಈ ಇಂಜಿನ್‌ಗಳಲ್ಲಿ ಫ್ಲೈವೀಲ್ ಅಡಿ ಕಿಡಿಗೆ ಒಂದು ಕಾಯಿಲ್, ಬ್ಯಾಟರಿಗೆ ಇನ್ನೊಂದು. ಬ್ಯಾಟರಿಗೆ ಚಾರ್ಜ್ ಹೋಗದಿದ್ದರೂ ಇಂಜಿನ್ ದಿನವಿಡೀ ಓಡುತ್ತೆ, ಯಾರಿಗೂ ಗೊತ್ತಾಗೋದಿಲ್ಲ.

ಇಂಜಿನ್ ನಿಲ್ಲಿಸಿ ಒಂದೆರಡು ಗಂಟೆ ಆದ ಮೇಲೆ ಬ್ಯಾಟರಿ 12.6 ವೋಲ್ಟ್ ಆಸುಪಾಸು ಇರಬೇಕು. 12.2 ಅಂದ್ರೆ ಅರ್ಧ ಖಾಲಿ. ಆಮೇಲೆ ಯಾರಿಗಾದರೂ ಸೆಲ್ಫ್ ಹೊಡೆಯಲು ಹೇಳಿ, ನೀವು ಮೀಟರ್ ನೋಡಿ. ಪೂರ್ತಿ ಚಾರ್ಜ್ ಇದ್ದೂ 9.6ಕ್ಕಿಂತ ಕೆಳಗೆ ಬಿದ್ದರೆ ಹೊಸದಾಗಿದ್ದರೂ ಆ ಬ್ಯಾಟರಿಯಲ್ಲಿ ದಮ್ಮಿಲ್ಲ. 12ರ ಮೇಲೇ ನಿಂತು ‘ಟಕ್’ ಅಂದರೆ ಕರೆಂಟ್ ದಾರಿಯಲ್ಲೇ ಸಿಕ್ಕಿಕೊಂಡಿದೆ: ಕೇಬಲ್, ಅರ್ಥ್ (ಬ್ಯಾಟರಿ ಮೈನಸ್‌ನಿಂದ ಇಂಜಿನ್ ಬ್ಲಾಕಿಗೆ ಹೋಗುವ ಜೋಡಣೆ), ಇಲ್ಲವೇ ಸೋಲೆನಾಯ್ಡ್ (ಸೆಲ್ಫ್ ಮೋಟರಿಗೆ ಕರೆಂಟ್ ಬಿಡುವ ಸ್ವಿಚ್). ‘ಟಕ್’ ಕೂಡ ಬರದಿದ್ದರೆ ಫ್ಯೂಸ್, ನ್ಯೂಟ್ರಲ್ ಸ್ವಿಚ್ (ಗೇರ್ ನ್ಯೂಟ್ರಲ್‌ನಲ್ಲಿದ್ದರೆ ಮಾತ್ರ ಸೆಲ್ಫ್‌ಗೆ ಬಿಡುವ ಸ್ವಿಚ್) ನೋಡಿ.

ಅರ್ಥ್ ಪರೀಕ್ಷೆ ತಪ್ಪಿಸಲೇಬೇಡಿ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಸೀಸದ ಗೂಟಕ್ಕೇ ಹಿಡಿಯಿರಿ, ಕ್ಲ್ಯಾಂಪಿಗಲ್ಲ. ಇನ್ನೊಂದು ಇಂಜಿನ್ ಬ್ಲಾಕಿನಲ್ಲಿ ಬಣ್ಣವಿಲ್ಲದ ಬರೀ ಲೋಹಕ್ಕೆ. ಸೆಲ್ಫ್ ಹೊಡೆಯುವಾಗ ಅರ್ಧ ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಆ ಜೋಡಣೆ ಕೆಟ್ಟಿದೆ ಅಂತಲೇ ಅರ್ಥ. ಬೆಳಗ್ಗೆ ಬ್ಯಾಟರಿ ತುಂಬಿದ್ದಾಗ ಹೇಗೋ ಎಳೆದುಕೊಂಡು ಹೋಗುತ್ತೆ, ಚಾರ್ಜ್ ಒಂಚೂರು ಇಳಿದರೆ ಸಾಕು, ಕೈಕೊಡುತ್ತೆ.

ಉಪ್ಪುಗಾಳಿಯ ಕೆಲಸ ಹೊರಗಿಂದ ಕಾಣೋದಿಲ್ಲ. ಲಗ್ಗಿನ (ಕೇಬಲ್ ತುದಿಯ ಲೋಹದ ಬಳೆ) ಪಕ್ಕ ಕೇಬಲ್ ರಬ್ಬರನ್ನು ಒಂದಿಂಚು ಸೀಳಿ ನೋಡಿ. ತಾಮ್ರದ ಎಳೆಗಳು ಕಿಲುಬು ಹಿಡಿದಿದ್ದರೆ ಹಸಿರು-ಕಪ್ಪಾಗಿ, ಬೆರಳಲ್ಲಿ ತಿಕ್ಕಿದರೆ ಪುಡಿ ಉದುರುತ್ತದೆ. ಅದನ್ನು ಉಜ್ಜಿ ಪ್ರಯೋಜನವಿಲ್ಲ. ತವರ ಬಳಿದ ಎಳೆಗಳ ಕೇಬಲ್ ಸಿಗುತ್ತೆ, ಅದನ್ನೇ ಹಾಕಿಸಿ. ಬ್ಯಾಟರಿಗೆ ಕೈಯಲ್ಲಿ ತಿರುಗಿಸುವ ರೆಕ್ಕೆ ನಟ್ ಇದ್ದರೆ ಕಿತ್ತುಹಾಕಿ ಲಾಕ್ ನಟ್ ಬಿಗಿಯಿರಿ. ಅಲೆಯ ಹೊಡೆತಕ್ಕೆ ರೆಕ್ಕೆ ನಟ್ ಸಡಿಲಾಗೇ ಆಗುತ್ತೆ.

ಇದೆಲ್ಲ ಸರಿಯಿದ್ದರೆ ಚಾರ್ಜಿಂಗ್ ನೋಡಿ. ಇಂಜಿನ್ ನೀರಲ್ಲೇ ಇರಲಿ, ನೀರಿಲ್ಲದೆ ಓಡಿಸಿದರೆ ಇಂಪೆಲ್ಲರ್ (ಇಂಜಿನ್ ತಣಿಸಲು ನೀರೆತ್ತುವ ರಬ್ಬರ್ ಚಕ್ರ) ಹೋಗುತ್ತೆ. 2000 ಆರ್‌ಪಿಎಂ ದಾಟಿಸಿದಾಗ ಬ್ಯಾಟರಿಯಲ್ಲಿ 13.5ರಿಂದ 14.5 ಬರಬೇಕು. ವೋಲ್ಟ್ ಏರಲೇ ಇಲ್ಲವೇ? ಇಂಜಿನ್ ನಿಲ್ಲಿಸಿ, ಕಾಯಿಲಿನಿಂದ ರೆಕ್ಟಿಫೈಯರಿಗೆ ಹೋಗುವ ಎರಡು ವೈರು ಬಿಚ್ಚಿ. ಮತ್ತೆ ಶುರು ಮಾಡಿ, ಮೀಟರನ್ನು ಎಸಿಗೆ ಇಟ್ಟು ಅವೆರಡರ ನಡುವೆ ಅಳೆಯಿರಿ. ವೇಗ ಏರಿಸಿದಂತೆ ವೋಲ್ಟ್ ಏರಿದರೆ ಕಾಯಿಲ್ ಚೆನ್ನಾಗಿದೆ, ಆಗ ರೆಕ್ಟಿಫೈಯರ್ ಮೇಲೆ ಅನುಮಾನಪಡಿ. ಓಡುತ್ತಿರುವಾಗ ಬ್ಯಾಟರಿ ವೈರು ಮಾತ್ರ ಯಾವತ್ತೂ ಬಿಚ್ಚಬೇಡಿ, ಅದರಿಂದ ರೆಕ್ಟಿಫೈಯರ್ ಹಾಳಾಗಬಹುದು. ಪ್ಲಸ್-ಮೈನಸ್ ಅದಲುಬದಲಾದರೂ ಅದರೊಳಗಿನ ಡಯೋಡ್ ಸುಡುತ್ತೆ.

ಗಂಗೊಳ್ಳಿಯಿಂದ:
ನಮ್ಮದು ನಾಡದೋಣಿ, ಸೀಮೆಎಣ್ಣೆ ಇಂಜಿನ್, ಹಗ್ಗವೇ ಗತಿ. ಸೆಲ್ಫ್ ಇಲ್ಲದ ನಮ್ಮಂಥವರಿಗೆ ಇಂಜಿನ್ ಶುರುವಾಗದ ತೊಂದರೆ ಇದ್ದರೆ ಒಂದು ಮಾತು. ದಡಕ್ಕೆ ಬರುವ ಮೊದಲು ಪೆಟ್ರೋಲಿಗೆ ಬದಲಿಸಿ ಸ್ವಲ್ಪ ಹೊತ್ತು ಓಡಿಸಿಯೇ ನಿಲ್ಲಿಸಿ. ಕಾರ್ಬುರೇಟರಿನಲ್ಲಿ ಸೀಮೆಎಣ್ಣೆ ಉಳಿದರೆ ಮರುದಿನ ತಣ್ಣನೆ ಇಂಜಿನ್ ಹಿಡಿಯೋದಿಲ್ಲ. ಪ್ಲಗ್ ಬಿಚ್ಚಿದರೆ ಕಪ್ಪಗೆ ಒದ್ದೆಯಾಗಿರುತ್ತೆ.

ಕಾರವಾರದಿಂದ, ಕಾಳಿ ನದಿಯಲ್ಲಿ ಬೋಟ್ ಇರುವವರು:
ಮಲ್ಪೆಯವರು ಹೇಳಿದ್ದೆಲ್ಲ ಸರಿ. ಆದರೆ ನಿಮ್ಮ ಓಡಾಟದ ರೀತಿಯನ್ನೂ ಲೆಕ್ಕ ಹಾಕಿ. ಕಾಂಡ್ಲಾ ನಡುವೆ ನಿಧಾನ ಹೋಗ್ತೀರಿ, ಹಕ್ಕಿ ಕಂಡಲ್ಲಿ ಇಂಜಿನ್ ನಿಲ್ಲಿಸ್ತೀರಿ, ಮತ್ತೆ ಸೆಲ್ಫ್. ಆ ವೇಗದಲ್ಲಿ ಹಳೇ ಕಾಯಿಲ್ ಕೊಡುವ ಕರೆಂಟ್ ತೀರಾ ಕಮ್ಮಿ. ಮೇಲಿಂದ ಹಾಡು, ಮೊಬೈಲ್ ಚಾರ್ಜರ್, ನೀರು ಹೊರಹಾಕುವ ಪಂಪು. ಯಾವ ಭಾಗವೂ ಕೆಡದೆ ಮಧ್ಯಾಹ್ನಕ್ಕೆ ಬ್ಯಾಟರಿ ಇಳಿಯಬಹುದು. ಹಾಡು, ಮೊಬೈಲಿಗೆ ಬೇರೆ ಚಿಕ್ಕ ಬ್ಯಾಟರಿ ಇಟ್ಟು ರಾತ್ರಿ ದಡದಲ್ಲಿ ಚಾರ್ಜ್ ಮಾಡಿ, ಇಂಜಿನ್ ಬ್ಯಾಟರಿಯನ್ನು ಸೆಲ್ಫ್‌ಗೂ ಪಂಪಿಗೂ ಮಾತ್ರ ಬಿಡಿ.

ನಾಳೆ ಮಧ್ಯಾಹ್ನ ‘ಟಕ್’ ಅಂದ ಕೂಡಲೇ ಬ್ಯಾಟರಿಯ ವೋಲ್ಟ್ ಎಷ್ಟಿದೆ ನೋಡಿ ಇಲ್ಲಿ ಬರೆಯಿರಿ. ಮುಂದಿನದು ಅದರ ಮೇಲೆ ಹೇಳಬಹುದು.