ಅಪ್‌ಡೇಟ್: ಅಪ್ಪನ ಕೋಣೆಯ ಗಾಳಿ ಅಳೆದು ನೋಡಿದ ಮೇಲೆ

ಮೈಸೂರಿನ ನಮ್ಮ ಮನೆಯಲ್ಲಿ ಅಪ್ಪನಿಗೆ ರಾತ್ರಿ ಹೊತ್ತು ಮಾತ್ರ ಕೆಮ್ಮು ಬರುವುದೇಕೆ, ಏರ್ ಪ್ಯೂರಿಫೈಯರ್ ಕೊಂಡರೆ ಸಾಕೇ ಎಂದು ಕಳೆದ ತಿಂಗಳು ಕೇಳಿದ್ದೆ. ಮೊದಲು ಅಳೆದು ನೋಡಿ ಎಂದು ಹಲವರು ಹೇಳಿದ್ದರಿಂದ ಸಣ್ಣದೊಂದು ಮೀಟರ್ ತರಿಸಿದೆ. ಸಂಜೆ ಅಮ್ಮ ದೇವರ ಮನೆಯಲ್ಲಿ ಊದುಬತ್ತಿ ಹಚ್ಚಿ, ಸೊಳ್ಳೆ ಬರುತ್ತದೆಂದು ಕಿಟಕಿ ಮುಚ್ಚಿದ 20 ನಿಮಿಷಗಳಲ್ಲೇ ಪಕ್ಕದ ಅಪ್ಪನ ಕೋಣೆಯಲ್ಲಿ ಪಿಎಂ 2.5 ಕಣಗಳ (ಉಸಿರಿನೊಡನೆ ಶ್ವಾಸಕೋಶದ ಆಳಕ್ಕೆ ಇಳಿಯುವ ಅತಿ ಸಣ್ಣ ಕಣಗಳು) ಪ್ರಮಾಣ ಘನ ಮೀಟರಿಗೆ 38 ಮೈಕ್ರೋಗ್ರಾಂನಿಂದ 290ಕ್ಕೆ ಏರಿತು. ಒಂದು ಹೊತ್ತಿನ ಏರಿಕೆಯನ್ನು ದಿನದ ಸರಾಸರಿಯೊಡನೆ ಹೋಲಿಸುವುದು ಪೂರ್ತಿ ಸರಿಯಲ್ಲವಾದರೂ, ಹೊರಗಿನ ಗಾಳಿಗೆ ನಮ್ಮ ದೇಶದಲ್ಲಿರುವ 24 ಗಂಟೆಗಳ ಮಿತಿ 60 ಮಾತ್ರ. ಊದುಬತ್ತಿಗೆ ಹೆಸರಾದ ಊರಿನಲ್ಲಿ ಇದನ್ನು ಅಮ್ಮನಿಗೆ ಹೇಳುವುದು ಸುಲಭವಾಗಿರಲಿಲ್ಲ.

ಇನ್ನೊಂದನ್ನು ನಾನು ಊಹಿಸಿಯೇ ಇರಲಿಲ್ಲ. ನಮ್ಮ ಸ್ಪ್ಲಿಟ್ ಎಸಿ ಕೋಣೆಯೊಳಗಿನ ಗಾಳಿಯನ್ನೇ ತಂಪು ಮಾಡಿ ಮತ್ತೆ ಮತ್ತೆ ತಿರುಗಿಸುತ್ತದೆಯೇ ಹೊರತು ಹೊಸ ಗಾಳಿಯನ್ನು ತರುವುದಿಲ್ಲವಾದ್ದರಿಂದ, ಬೆಳಗಿನ ಜಾವಕ್ಕೆ ನಾವು ಉಸಿರಿನಲ್ಲಿ ಬಿಡುವ ಇಂಗಾಲದ ಡೈಆಕ್ಸೈಡ್ 1,900 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ 1,900 ಭಾಗ) ಮುಟ್ಟಿತ್ತು. ಹೊರಗೆ ಅದು 420ರ ಆಸುಪಾಸಿನಲ್ಲಿರುತ್ತದೆ. ಪ್ಯೂರಿಫೈಯರ್‌ಗಳಲ್ಲಿರುವ ಹೆಪಾ ಫಿಲ್ಟರ್ ಕಣಗಳನ್ನು ಹಿಡಿಯುತ್ತದೆ, ಈ ಅನಿಲವನ್ನಲ್ಲ.

ಹೀಗಾಗಿ ಪ್ಯೂರಿಫೈಯರ್ ಕೊಳ್ಳದೆ ದೇವರ ಮನೆಗೆ ಎಕ್ಸಾಸ್ಟ್ ಫ್ಯಾನ್, ಅಪ್ಪನ ಕಿಟಕಿಗೆ ಸೊಳ್ಳೆ ಜಾಲರಿ ಹಾಕಿಸಿ, ರಾತ್ರಿ ಕಿಟಕಿಯನ್ನು ಒಂದು ಗೇಣು ತೆರೆದಿಡುತ್ತಿದ್ದೇವೆ. ಕೆಮ್ಮು ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ. ಶನಿವಾರ ಶ್ವಾಸಕೋಶದ ವೈದ್ಯರನ್ನು ಕಾಣಲಿದ್ದೇವೆ.