ಚಿತ್ರ ನೋಡ್ಕೊಂಡು ಕತ್ತರಿ ಹಾಕ್ಬೇಡ ಪುಟ್ಟಿ

ಹಲೋ... ರೆಕಾರ್ಡ್ ಆಗ್ತಿದ್ಯಾ ಇದು? ಹ್ಞಾ. ಪುಟ್ಟೀ, ನಿನ್ನ ಮೆಸೇಜು ಈಗ ನೋಡ್ದೆ. ಕಾಲೇಜಲ್ಲಿ ಪ್ಯಾರಿಸ್ ಫ್ಯಾಷನ್ ಡಿಸೈನರ್ ಡಿಯೋರ್ ಸ್ಕೆಚ್ಚು ಕೊಟ್ಟಿದಾರೆ, 1947ರ ಬಾರ್ ಸೂಟು, ಅಂದ್ರೆ ನಡು ಬಿಗಿದ ಜಾಕೀಟು, ಅಗಲದ ಲಂಗ, ಸೋಮವಾರ ಹೊಲಿದು ಒಪ್ಪಿಸ್ಬೇಕು, ರಾ ಸಿಲ್ಕ್ ತಂದಾಯ್ತು, ನೇರ ಕಟ್ ಮಾಡ್ಲಾ ಅತ್ತೇ, ಭಯ ಆಗ್ತಿದೆ ಅಂದಿದೀಯ. ಬೇಡ್ವೇ ಬೇಡ. ಕತ್ತರಿ ಕೆಳಗಿಡು. ಚಿತ್ರ ನೋಡ್ಕೊಂಡು ಬಟ್ಟೆಗೆ ಕತ್ತರಿ ಹಾಕ್ಬಾರ್ದು.

ಮದುವೆಗೆ ಮುಂಚೆ ನಾನು ಕೆಲಸಕ್ಕೆ ಹೋಗ್ತಿದ್ದ ಟೈಲರ್ ಅಂಗಡಿ ವಿಷ್ಯ ನಿಮ್ಮಪ್ಪನಿಗೆ ಗೊತ್ತು. ಫಾರಿನ್‌ಗೆ ಹೊರಟಿದ್ದ ಹುಡುಗಿ ಒಬ್ಳು ಯಾವ್ದೋ ಮ್ಯಾಗಜೀನ್ ಹಾಳೆ ತಂದ್ಲು. ಇಂಥದ್ದೇ, ನಡು ಬಿಗಿದ ಜಾಕೀಟಿನ ಚಿತ್ರ. ಜೊತೆಗೆ ಅವಳಮ್ಮ ಒಳ್ಳೆ ಕೆನೆ ಬಣ್ಣದ ರೇಷ್ಮೆ ಕೊಟ್ಟಿದ್ರು. ನಮ್ಮ ಮಾಸ್ಟ್ರು ಹಾಳೆನ ಗೋಡೆಗೆ ಸಿಗಿಸಿ, ಒಂದ್ಸಲ ಕಣ್ಣಾಡಿಸಿ, ಚಾಕ್ ಎಳೆದು ಕರಕರ ಅಂತ ಕತ್ತರಿಸೇಬಿಟ್ರು. ತಲೆ ಉದ್ದದಿಂದ ಅಳೆದ್ರೆ ಚಿತ್ರದ ಹೆಂಗಸಿಗೆ ಒಂಬತ್ತು ತಲೆಯಷ್ಟು ಎತ್ತರ ಕಣೇ. ನಾವು ನೀವೆಲ್ಲ ಏಳೂವರೆ ಅಷ್ಟೆ. ಟ್ರಯಲ್‌ಗೆ ಹಾಕಿದ್ರೆ ನಡು ಇರ್ಬೇಕಾದ ಕಡೆ ಬಟ್ಟೆ ಜೋಲು, ಬಿಗಿ ಎಲ್ಲ ಸೊಂಟದ ಮೂಳೆ ಮೇಲೆ. ಬಿಚ್ಚೋಣ ಅಂದ್ರೆ ಒಳಗೆ ಕಾಲಿಂಚೂ ಮಾರ್ಜಿನ್ ಇಲ್ಲ, ಅಂಚೆಲ್ಲ ನೂಲು ನೂಲಾಗಿ ಎದ್ದಿತ್ತು. ಆ ಮನುಷ್ಯ ಗಿರಾಕಿ ಎದುರಿಗೇ ನನ್ನ ಕಡೆ ಕೈ ತೋರಿಸಿ, ಈ ಹುಡುಗಿ ಕೆಡಿಸಿದ್ಲು ಅಂದ್ರು! ಸಂಬಳದಲ್ಲೂ ಹಿಡ್ಕೊಂಡ್ರು. ಅದಕ್ಕೇ ಮತ್ತೆ ಹೇಳ್ತೀನಿ, ಚಿತ್ರ ನೋಡ್ಕೊಂಡು ಬಟ್ಟೆಗೆ ಕತ್ತರಿ ಹಾಕ್ಬೇಡ.

ಹೊಲಿಯೋರ ಹಣೆಬರಹ ಎಲ್ಲ ಕಡೆ ಒಂದೇ. ಡಿಯೋರ್ ಡಿಯೋರ್ ಅಂತೀರಲ್ಲ, ಆತ ಬರೀತಿದ್ದಿದ್ದು ಸಣ್ಣ ಸಣ್ಣ ಚಿತ್ರ. ಅದನ್ನ ಹೊಲಿಗೆ ಕೋಣೆಗೆ ಕಳಿಸಿದ್ರೆ, ಬಿಳೀ ಹತ್ತಿ ಬಟ್ಟೇಲಿ ಮೊದ್ಲು ಒಂದು ಮಾದರಿ ಎದ್ದು ನಿಲ್ತಿತ್ತು. ಅದನ್ನೆಲ್ಲ ನೋಡ್ಕೋತಿದ್ದೋರು ಮಾರ್ಗರೀತ್ ಕಾರೆ ಅಂತ ಒಬ್ಬ ಹೆಂಗಸು. ಯಾರಿಗಾದ್ರೂ ಗೊತ್ತಾ ಅವರ ಹೆಸರು? ಆಮೇಲೆ ದೊಡ್ಡ ಡಿಸೈನರ್ ಆದ ಪಿಯರ್ ಕಾರ್ಡಿನ್ನೂ ಆಗ ಅಲ್ಲೇ ಹೊಲೀತಿದ್ರು, ಸ್ವಂತ ಅಂಗಡಿ ಹಾಕಿದ್ಮೇಲೆ ತಾನೆ ಹೆಸರು ಬಂದಿದ್ದು! ಡಿಯೋರ್ ಅಂಗಡಿಗೆ ದುಡ್ಡು ಹಾಕಿದ್ದು ಬುಸಾಕ್ ಅನ್ನೋ ಬಟ್ಟೆ ಮಿಲ್ಲಿನ ಸಾಹುಕಾರ. ಲಂಗಕ್ಕೆ ಮೀಟರ್‌ಗಟ್ಲೆ ಬಟ್ಟೆ ಹೋದ್ರೆ ಅವನಿಗೇನು ನಷ್ಟ? ಯುದ್ಧ ಮುಗಿದು ಬಟ್ಟೆಗೆ ಪರದಾಡ್ತಿದ್ದ ಕಾಲ, ಪ್ಯಾರಿಸ್ ಸಂತೆ ಬೀದೀಲಿ ಹೆಂಗಸರು ಡಿಯೋರ್ ಡ್ರೆಸ್ ಹಾಕ್ಕೊಂಡು ಬಂದೋಳ ಮೈಮೇಲೇ ಬಟ್ಟೆ ಹರಿದುಹಾಕಿದ್ರು.

ನಮ್ಮನೇಲಿ ಮಾತ್ರ ಬೇರೇನಾ? ಮದುವೆ ಅಂದ್ರೆ ಬ್ಲೌಸಿನ ರಾಶಿ ನನ್ನ ಮುಂದೆ. ಫೋಟೋ ಹೊತ್ತಿಗೆ ಸೀರೆ ಎಲ್ಲಿ ತಗೊಂಡ್ರಿ ಅಂತ ವಿಚಾರಣೆ. ಮೊನ್ನೆ ಗೃಹಪ್ರವೇಶಕ್ಕೆ ಹೊಲಿಸ್ಕೊಂಡೋರು, ಹೆಸರು ಹೇಳಲ್ಲ, ಈ ಗ್ರೂಪಲ್ಲೇ ಇದಾರೆ, ಲೈನಿಂಗ್ ದುಡ್ಡೂ ಕೊಟ್ಟಿಲ್ಲ.

ಅಯ್ಯೋ, ಮಗು ಕೇಳಿದ್ದಕ್ಕೆ ಉತ್ತರಾನೇ ಹೇಳ್ಲಿಲ್ಲ. ನೋಡು, ಆ ಸೂಟು ಹಾಕ್ಕೊಳ್ಳೋ ಹುಡುಗಿ ನಡುವಿಗೆ ಒಂದು ದಾರ ಕಟ್ಟಿ, ಎಡಕ್ಕೆ ಬಲಕ್ಕೆ ಬಗ್ಗು ಅನ್ನು. ದಾರ ಎಲ್ಲಿ ನಿಲ್ಲುತ್ತೋ ಅದೇ ನಡು. ಕತ್ತಿನ ಹಿಂದಿನ ಮೂಳೆಯಿಂದ ಅಲ್ಲೀವರೆಗೆ ಟೇಪ್ ಹಿಡಿ. ಹಳೇ ಕಾಟನ್ ಬೆಡ್‌ಶೀಟಲ್ಲಿ ಕಟ್ ಮಾಡಿ ಕಚ್ಚಾ ಹೊಲಿಗೆ ಹಾಕಿ ತೊಡಿಸು, ತಿದ್ದೋದನ್ನೆಲ್ಲ ಅದರ ಮೇಲೇ ಪೆನ್ನಲ್ಲಿ ಗೀಟು ಹಾಕು. ಆಮೇಲೆ ಬಿಚ್ಚಿ ರಾ ಸಿಲ್ಕ್ ಮೇಲೆ ಹಾಸಿ, ಸುತ್ತ ಒಂದಿಂಚು ಮಾರ್ಜಿನ್ ಬಿಟ್ಟು ಕತ್ತರಿಸು. ಇನ್ನೊಂದು, ನಡು ಸಣ್ಣ ಕಾಣ್ಲಿ ಅಂತ ಉಸಿರು ಕಟ್ಟೋ ಹಾಗೆ ಬಿಗೀಬೇಡ. ಡಿಯೋರ್ ಕಡೆಯೋರು ನಡುವಿನ ಕೆಳಗೆ, ಸೊಂಟದ ಭಾಗಕ್ಕೆ ಒಳಗಡೆ ಪ್ಯಾಡ್ ಕೊಟ್ಟು ಉಬ್ಬಿಸಿದ್ರು, ಅದಕ್ಕೇ ನಡು ಅಷ್ಟು ಸಣ್ಣ ಕಂಡಿದ್ದು. ನೀನೂ ಆ ಜಾಗದಲ್ಲಿ ಬಟ್ಟೆಗೂ ಲೈನಿಂಗ್‌ಗೂ ಮಧ್ಯೆ ತೆಳ್ಳಗೆ ಹತ್ತಿ ಪದರ ಇಡು. ಬೆಡ್‌ಶೀಟ್ ಟ್ರಯಲ್ ಆದ್ಮೇಲೆ ಮುಂದೆ, ಹಿಂದೆ, ಪಕ್ಕ ಮೂರೂ ಫೋಟೋ ತೆಗೆದು ನನ್ನ ನಂಬರಿಗೇ ಹಾಕು, ಗ್ರೂಪಿಗೆ ಬೇಡ.