ಡಾಟ್ ಡಬ್ಲ್ಯೂಪಿಎಸ್ ಫೈಲ್ ಯಾವುದರಲ್ಲಿ ತೆರೆಯಬೇಕು?

ಪ್ರಶ್ನೆ: ಅಪ್ಪನ ಹಳೇ ಕಂಪ್ಯೂಟರಿನ ಹಾರ್ಡ್ ಡಿಸ್ಕಿನಿಂದ ಅವರ ಬರಹಗಳನ್ನೆಲ್ಲ ಕಾಪಿ ಮಾಡಿಕೊಂಡಿದ್ದೇನೆ. ನಲವತ್ತಕ್ಕಿಂತ ಜಾಸ್ತಿ ಇವೆ, ಎಲ್ಲದರ ಹೆಸರಿನ ಕೊನೆಗೆ ಡಾಟ್ ಡಬ್ಲ್ಯೂಪಿಎಸ್ ಅಂತಿದೆ. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಬರೀ ಗಜಿಬಿಜಿ, ನಡುವೆ ಅಲ್ಲೊಂದು ಇಲ್ಲೊಂದು ಪದ. ಫೈಲ್ ಹಾಳಾಗಿವೆಯಾ? ಹೆಸರು ಬದಲಿಸಿ ಡಾಟ್ ಡಾಕ್ ಅಂತ ಮಾಡಿದರೆ ಸರಿಹೋಗುತ್ತದಾ ಸರ್?

ಉತ್ತರ: ಹಾಳಾದ ಹಾಗೆ ಕಾಣುವುದಿಲ್ಲ, ಧೈರ್ಯವಾಗಿರಿ. ನೋಟ್‌ಪ್ಯಾಡ್‌ಗೆ ಓದಲು ಬರುವುದು ಬರಿಯ ಅಕ್ಷರ ಮಾತ್ರ. ಇಂಥ ಫೈಲಿನಲ್ಲಿ ಅಕ್ಷರದ ಜೊತೆ ಫಾಂಟು, ಅಂಚು, ಪುಟದ ಅಳತೆ ಎಲ್ಲ ಸೇರಿರುತ್ತವೆ, ಅದೇ ನಿಮಗೆ ಗಜಿಬಿಜಿಯಾಗಿ ಕಂಡಿದ್ದು. ಹೆಸರು ಬದಲಿಸಬೇಡಿ. ಎಕ್ಸ್‌ಟೆನ್ಷನ್, ಅಂದರೆ ಹೆಸರಿನ ಕೊನೆಗೆ ಡಾಟ್ ಆದಮೇಲೆ ಬರುವ ಭಾಗ, ಡಬ್ಬಿಯ ಮೇಲಿನ ಚೀಟಿ ಇದ್ದ ಹಾಗೆ, ಚೀಟಿ ಬದಲಿಸಿದರೆ ಒಳಗಿರುವುದು ಬದಲಾಗುವುದಿಲ್ಲ ಅಲ್ವಾ.

ಈ ಚೀಟಿ ಅಂಟಿಸಿದ ಸಾಫ್ಟ್‌ವೇರ್ ಎರಡಿವೆ, ತೊಡಕಿರುವುದು ಅಲ್ಲೇ. ಒಂದು ಮೈಕ್ರೋಸಾಫ್ಟ್ ವರ್ಕ್ಸ್. ವರ್ಡ್ ಅಲ್ಲ, ವರ್ಕ್ಸ್. ಪತ್ರ ಬರೆಯುವುದು, ಲೆಕ್ಕದ ಶೀಟು, ಸಣ್ಣ ಡೇಟಾಬೇಸು ಮೂರೂ ಒಂದರಲ್ಲೇ ಇದ್ದವು, ಆಫೀಸ್‌ಗಿಂತ ಅಗ್ಗ, ಎಷ್ಟೋ ಹೊಸ ಕಂಪ್ಯೂಟರುಗಳ ಜೊತೆಗೇ ಬರುತ್ತಿತ್ತು. 2007ರಲ್ಲಿ ಬಂದ 9ನೇ ಆವೃತ್ತಿಯೇ ಕೊನೆಯದು. ಇನ್ನೊಂದು ಚೀನಾದ ಕಿಂಗ್‌ಸಾಫ್ಟ್ ಕಂಪನಿಯ ಡಬ್ಲ್ಯೂಪಿಎಸ್ ಆಫೀಸ್, ಅದು ಈಗಲೂ ಬಳಕೆಯಲ್ಲಿದೆ. ನಿಮ್ಮದು ಯಾವುದು ಅಂತ ತಿಳಿಯಲು ಅದೇ ಫೋಲ್ಡರಿನಲ್ಲಿ ಜೊತೆಗೆ ಏನೇನಿದೆ ನೋಡಿ. ಡಾಟ್ ಡಬ್ಲ್ಯೂಕೆಎಸ್, ಎಕ್ಸ್‌ಎಲ್‌ಆರ್, ಡಬ್ಲ್ಯೂಡಿಬಿ ಸಿಕ್ಕರೆ ಹೆಚ್ಚುಕಡಿಮೆ ವರ್ಕ್ಸೇ. ಡಾಟ್ ಇಟಿ, ಡಿಪಿಎಸ್ ಸಿಕ್ಕರೆ ಕಿಂಗ್‌ಸಾಫ್ಟ್.

ವರ್ಕ್ಸ್ ಆದರೆ ಲಿಬ್ರೆಆಫೀಸ್ ಎಂಬ ಸಾಫ್ಟ್‌ವೇರ್ ಹಾಕಿಕೊಳ್ಳಿ. ಉಚಿತ, ಹಳೇ ವರ್ಕ್ಸ್ ಫೈಲ್ ಓದುವ ಸೌಲಭ್ಯ ಅದರಲ್ಲೇ ಇದೆ. ಮೊದಲು ಇನ್ನೊಂದು ಕಾಪಿ ಮಾಡಿ, ಆ ಕಾಪಿಯನ್ನೇ ತೆರೆದು ಡಾಕ್ಸ್ ಅಥವಾ ಒಡಿಟಿಯಾಗಿ ಸೇವ್ ಮಾಡಿ. ಸುಮ್ನೆ ಸಿಕ್ಕ ಸಿಕ್ಕ ಆನ್‌ಲೈನ್ ಕನ್ವರ್ಟರಿಗೆ ಮನೆಯವರ ಪತ್ರಗಳನ್ನು ಏರಿಸಬೇಡಿ, ಅವು ಯಾರ ಸರ್ವರಿನಲ್ಲಿ ಉಳಿಯುತ್ತವೋ ಗೊತ್ತಾಗುವುದಿಲ್ಲ.

ಪ್ರಶ್ನೆ: ತುಂಬಾ ಥ್ಯಾಂಕ್ಸ್ ಸರ್. ಎಕ್ಸ್‌ಎಲ್‌ಆರ್ ಎರಡು ಸಿಕ್ಕವು, ಹಾಗಾಗಿ ಲಿಬ್ರೆಆಫೀಸ್ ಹಾಕಿದೆ. ಇಂಗ್ಲಿಷ್ ಪತ್ರಗಳು ಚೆನ್ನಾಗಿ ಬಂದವು, ಓದಿ ಕಣ್ಣು ತುಂಬಿತು. ಆದರೆ ಅಪ್ಪ ಕನ್ನಡದಲ್ಲಿ ಬರೆದದ್ದೆಲ್ಲ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಆಗಿದೆ. ಇವು ಹೋದವಾ?

ಉತ್ತರ: ಇಲ್ಲ, ಇವೂ ಇವೆ. ಅವರು ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಈಗಿನ ಪದ್ಧತಿ) ಅಲ್ಲದ ಹಳೇ ಫಾಂಟಿನಲ್ಲಿ ಬರೆದಿರಬೇಕು. ಅಂಥ ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿ ತೋರಿಸುತ್ತಿದ್ದವು. ಫಾಂಟ್ ಇಲ್ಲದಿದ್ದರೆ ಕೆಳಗಿನ ಇಂಗ್ಲಿಷ್ ಅಕ್ಷರವೇ ಕಾಣುತ್ತದೆ. ಆ ಸಾಲನ್ನು ಸೆಲೆಕ್ಟ್ ಮಾಡಿದರೆ ಮೇಲಿನ ಪಟ್ಟಿಯಲ್ಲಿ ಫಾಂಟಿನ ಹೆಸರು ಬರುತ್ತದೆ. ಆ ಫಾಂಟ್ ಹಳೇ ಡಿಸ್ಕಿನಲ್ಲೇ, ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರಿನಲ್ಲಿ ಸಿಗಬಹುದು. ತಂದು ಹಾಕಿಕೊಂಡರೆ ಓದಲು ಬರುತ್ತದೆ, ಯೂನಿಕೋಡ್‌ಗೆ ಬದಲಿಸುವ ಕೆಲಸ ಆಮೇಲೆ ನಿಧಾನವಾಗಿ ಮಾಡಬಹುದು. ಅಲ್ಲಿಯವರೆಗೆ ಆ ಡಿಸ್ಕನ್ನು ಮಾತ್ರ ಫಾರ್ಮ್ಯಾಟ್ ಮಾಡಬೇಡಿ.

ಪ್ರಶ್ನೆ: ಮಾಡುವುದಿಲ್ಲ ಸರ್. ಫಾಂಟಿನ ಹೆಸರು ಸಿಕ್ಕಿತು, ಹುಡುಕುತ್ತಿದ್ದೇನೆ.